ಫೋಟೋದಲ್ಲಿ ನಲವತ್ತು ಜನ, ಹೆಸರು ಗೊತ್ತಿರೋದು ನಾಲ್ಕು

ವಾಟ್ಸಾಪ್‌ನಲ್ಲಿ ಒಂದು ಕಪ್ಪು-ಬಿಳುಪು ಫೋಟೋ ಬರುತ್ತೆ. ಶಿರಸಿ ಕಡೆಯದ್ದೋ, ಸಿದ್ದಾಪುರ, ಯಲ್ಲಾಪುರದ್ದೋ ಒಂದು ಹಳೇ ಮನೆ. ಚಾಪೆ ಮೇಲೆ ಮಕ್ಕಳು, ಕುರ್ಚಿಯಲ್ಲಿ ಹಿರಿಯರು, ಹಿಂದೆ ಸಾಲಾಗಿ ನಿಂತವರು. ಎಣಿಸಿದರೆ ನಲವತ್ತು ತಲೆ. ಕೆಳಗೊಂದು ಸಾಲು: 'ಎಂಥಾ ಕಾಲ ಅದು!' ನಾವೂ ಮುಂದಕ್ಕೆ ಕಳಿಸಿ ಸುಮ್ಮನಾಗ್ತೀವಿ.

ಸ್ವಲ್ಪ ನಿಲ್ಲಿ. ಅಷ್ಟು ಜನ ಒಂದೇ ಸೂರಿನಡಿ ಯಾಕಿದ್ದರು? ಬರೀ ಪ್ರೀತಿಯಿಂದಲಾ?

ಅಡಿಕೆ ತೋಟ ಕಂಡವರಿಗೆ ಉತ್ತರ ಗೊತ್ತು. ತೋಟ ಇರೋದು ಕಣಿವೆಯಲ್ಲಿ, ಅದರ ಗೊಬ್ಬರಕ್ಕೆ ಬೇಕಾದ ಸೊಪ್ಪು ಇರೋದು ಮೇಲಿನ ಬೆಟ್ಟದಲ್ಲಿ. ಬ್ರಿಟಿಷರ ಕಾಲದಲ್ಲೇ ಇಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ ಸೌಲಭ್ಯವಿತ್ತು. ಸೊಪ್ಪು ಕಡಿಯಬೇಕು, ಕೊಟ್ಟಿಗೆಗೆ ಹಾಕಬೇಕು, ಗೊಬ್ಬರ ಹೊರಬೇಕು. ಕೊಯ್ಲು ಬಂದರೆ ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಒಂದೇ ನೀರಿನ ಕಾಲುವೆ, ಒಂದೇ ಬೆಟ್ಟ. ಪಾಲು ಮಾಡಿದರೆ ಎಲ್ಲರಿಗೂ ನಷ್ಟ. ಅಂದರೆ ಮನೆಯನ್ನು ಕಟ್ಟಿ ಹಿಡಿದಿದ್ದು ತೋಟ.

ಕಷ್ಟಕ್ಕೂ ಆ ಮನೆ ಆಗ್ತಿತ್ತು. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಸಿದ್ದಾಪುರ ತಾಲ್ಲೂಕಿನ ಎಷ್ಟೋ ಕುಟುಂಬಗಳ ಜಮೀನು ಜಪ್ತಿಯಾಯ್ತು, ಗಂಡಸರು ಜೈಲು ಸೇರಿದರು. ಉಳಿದವರು ಮಕ್ಕಳನ್ನು ಸಾಕಿದರು. ಅದೇ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರೇ ಸತ್ಯಾಗ್ರಹಕ್ಕೆ ಕೂತರು.

ಈಗ ಫೋಟೋವನ್ನು ಇನ್ನೊಮ್ಮೆ ನೋಡಿ. ನಡುವಿನ ಕುರ್ಚಿಯಲ್ಲಿ ಯಾರಿದ್ದಾರೆ? ಯಜಮಾನ. ಹೊತ್ತಿಗೆ ನಲವತ್ತು ಎಲೆಗೆ ಅಡುಗೆ ಮಾಡಿ, ಗಂಡಸರ ಪಂಕ್ತಿ ಎದ್ದ ಮೇಲೆ ಉಂಡವರು ಹಿಂದಿನ ಸಾಲಿನಲ್ಲಿದ್ದಾರೆ. ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿಕೊಂಡ ಅತ್ತೆ ಎಷ್ಟೋ ಫೋಟೋಗಳಲ್ಲಿ ಇಲ್ಲವೇ ಇಲ್ಲ. ಮರ ಹತ್ತಿ ಕೊನೆ ಇಳಿಸಿದ ಕೊನೆಗೌಡನೂ ಇಲ್ಲ.

ಆಸ್ತಿಯ ಲೆಕ್ಕದಲ್ಲೂ ಹಾಗೇ. ಪಿತ್ರಾರ್ಜಿತದಲ್ಲಿ ಮಗನಿಗಿದ್ದ ಜನ್ಮಸಿದ್ಧ ಹಕ್ಕು ಮಗಳಿಗಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಅದನ್ನು ಕೊಡಲಿಲ್ಲ. ಕರ್ನಾಟಕದಲ್ಲಿ 1994ರಿಂದ, ಅದೂ ಅಷ್ಟರೊಳಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಸಿಕ್ಕಿತು. ಆ ಭೇದ ಹೋಗಿದ್ದು 2005ರ ಕೇಂದ್ರದ ತಿದ್ದುಪಡಿಯಲ್ಲಿ. ಮನೆ ಒಡೆಯೋಕೆ ಹೆಣ್ಣುಮಕ್ಕಳು ಕಾರಣ ಅನ್ನೋರು ಈ ಇಸವಿಗಳನ್ನು ನೋಡಲಿ. ಬಹಳಷ್ಟು ಮನೆಗಳಲ್ಲಿ ಅಣ್ಣತಮ್ಮಂದಿರ ಹಿಸೆ ಅದಕ್ಕೂ ಮೊದಲೇ ಆಗಿತ್ತು.

ಹಾಗಂತ ಫೋಟೋ ಹರಿದು ಹಾಕಿ ಅಂತಲ್ಲ. ಮಳೆಗಾಲದ ಥಂಡಿ, ಒರಲೆ ಅದನ್ನು ಹೇಗೂ ತಿಂತಾ ಇವೆ. ಅದಕ್ಕಿಂತ ಬೇಗ ಹೋಗ್ತಿರೋದು 'ಇವಳು ನನ್ನ ಸಣ್ಣತ್ತೆ' ಅಂತ ಬೆರಳಿಟ್ಟು ತೋರಿಸಬಲ್ಲ ಹಿರಿಯರು. ಮಕ್ಕಳು ಬೆಂಗಳೂರಿನಲ್ಲಿ, ನಲವತ್ತು ಜನರ ಮನೆಯಲ್ಲಿ ಈಗ ಇಬ್ಬರೇ.

ಮುಂದಿನ ಸಲ ಊರಿಗೆ ಹೋದಾಗ ಫ್ರೇಮ್ ಇಳಿಸಿ. ಬೆಳಕಿಗಿಟ್ಟು, ಫ್ಲ್ಯಾಶ್ ಹಾಕದೆ ಮೊಬೈಲಲ್ಲಿ ತೆಗೀರಿ. ಅಜ್ಜಿ ಪಕ್ಕ ಕೂತು ಒಂದೊಂದೇ ಮುಖಕ್ಕೆ ಹೆಸರು ಬರೆದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಮದುವೆ ದಿನವೇ ಸೊಸೆಯ ಹೆಸರು ಬದಲಾಗ್ತಿತ್ತು. ಅವಳ ತವರಿನ ಹೆಸರನ್ನೂ ಕೇಳಿ. ಫೋಟೋದಲ್ಲಿ ಯಾರಿಲ್ಲ ಅಂತಲೂ ಕೇಳಿ. ನಲವತ್ತೊಂದನೆಯ ಹೆಸರು ಅಲ್ಲೇ ಸಿಗುತ್ತೆ.