ಕಿಸೆ ಹಗುರಿದ್ದರೂ ಸುರಪುರ ನೋಡಬಹುದು

ರಾತ್ರಿ ಬೆಂಗಳೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಯಾದಗಿರಿ. ಮುಂಬೈ ಕಡೆಗೆ ಹೊರಟವರಲ್ಲಿ ಹೆಚ್ಚಿನವರು ಈ ನಿಲ್ದಾಣವನ್ನು ನಿದ್ದೆಯಲ್ಲೇ ದಾಟುತ್ತಾರೆ. ಇಳಿದವರಿಗೆ ಊರ ನಡುವೆಯೇ ಕಲ್ಲುಗುಡ್ಡ, ಅದರ ನೆತ್ತಿಯ ಮೇಲೆ ಕೋಟೆ ಕಾಣುತ್ತದೆ. ಇಲ್ಲಿಂದ ಬಸ್ಸಿನಲ್ಲಿ ಶಹಾಪುರಕ್ಕೆ ಸುಮಾರು 35 ಕಿ.ಮೀ., ಅಲ್ಲಿಂದ ಸುರಪುರಕ್ಕೆ ಇನ್ನೊಂದು 25. ಈ ಮೂರು ಊರುಗಳ ನಡುವೆ ಹಳೆ ಶಿಲಾಯುಗದಿಂದ 1858ರ ಬಂಡಾಯದವರೆಗಿನ ಗುರುತುಗಳು ಬಯಲಲ್ಲೇ ಬಿದ್ದಿವೆ. ನೋಡಲು ದೊಡ್ಡ ದುಡ್ಡೇನೂ ಬೇಡ. ಬೇಕಾದದ್ದು ಬಿಡುವು, ಕಾರಿನಲ್ಲಿ ಬಂದು ಅರ್ಧ ದಿನದಲ್ಲಿ ಮುಗಿಸಿ ಹೋಗುವವರಿಗೆ ಸುರಪುರ ಸಿಗುವುದಿಲ್ಲ.

ಖರ್ಚಿನ ಮಾತನ್ನು ಮೊದಲೇ ಆಡಿಬಿಡುತ್ತೇನೆ. ರೈಲಿನ ಸ್ಲೀಪರ್ ಟಿಕೆಟ್ಟೇ ಈ ಪ್ರವಾಸದ ದೊಡ್ಡ ವೆಚ್ಚ. ಆಮೇಲಿನದ್ದೆಲ್ಲ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೆಂಪು ಬಸ್ಸು, ಬಸ್ಸಿಲ್ಲದ ಕಡೆಗೆ ಟಂಟಂ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಆ ಖರ್ಚೂ ಇಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ನಾಲ್ಕು ಜನ ಗೆಳತಿಯರು ಗುಂಪು ಕಟ್ಟಿಕೊಂಡು ಬರಲು ಇದಕ್ಕಿಂತ ಒಳ್ಳೆಯ ಕಾಲ ಹಿಂದೆಂದೂ ಇರಲಿಲ್ಲ ಎಂದೇ ನನ್ನ ಅನಿಸಿಕೆ. ಊಟಕ್ಕೆ ಖಾನಾವಳಿಗಳಿವೆ: ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೊರಗೆ ಸುಸಲಾ, ಮಿರ್ಚಿ ಭಜ್ಜಿ, ಚಹಾ. ತಂಗಲು ಸಾದಾ ಲಾಡ್ಜುಗಳು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಮಾತ್ರ ಬರಬೇಡಿ, ಗುಡ್ಡದ ಕಲ್ಲು ಕಾದು ಕಾಲಿಡಲಾಗದು. ದಸರಾದಿಂದ ಶಿವರಾತ್ರಿಯವರೆಗೆ ಹವೆ ಹಿತ.

ಯಾದಗಿರಿ ಕೋಟೆಯನ್ನು ಬೆಳಿಗ್ಗೆ ಬೇಗ ಹತ್ತಿ. ಸುತ್ತು ಸುತ್ತಾಗಿ ಏರುವ ಗೋಡೆಗಳು, ಬಾಗಿಲುಗಳು, ಬಂಡೆಯಲ್ಲಿ ನೀರು ನಿಲ್ಲಿಸಿದ ಹೊಂಡಗಳು, ಮೇಲೆ ತೋಪು. ಅಲ್ಲಿಂದ ಭೀಮಾ ನದಿಯ ಕಡೆಯ ಬಯಲೆಲ್ಲ ಕಾಣುತ್ತದೆ. ಕಲಬುರಗಿಯಿಂದ ಬೇರ್ಪಟ್ಟು ಇದು ಜಿಲ್ಲೆಯೆಂದು ಘೋಷಣೆಯಾದದ್ದು 2009ರ ಕೊನೆಗೆ. ಅಂದಿನಿಂದ ಊರು ಕಚೇರಿಗಳ ಊರಾಗಿ ಬೆಳೆಯುತ್ತಿದೆ, ಕೋಟೆ ತನ್ನ ಪಾಡಿಗೆ ಮೇಲಿದೆ.

ಶಹಾಪುರದ ಗುಡ್ಡದ ಸಾಲನ್ನು ದೂರದಿಂದ ನೋಡಿದರೆ ತಲೆ, ಎದೆ, ಕಾಲು ಎಲ್ಲ ಸ್ಪಷ್ಟವಾಗಿ ಮಲಗಿದ ಮನುಷ್ಯನ ಆಕಾರ. ಜನ ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ನಿಸರ್ಗ ಮಾಡಿದ ಆಕಾರವಾದರೂ ಬುದ್ಧನ ಹೆಸರು ಇಲ್ಲಿಗೆ ಒಪ್ಪುತ್ತದೆ. ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿಗಳು ಇಲ್ಲಿಂದ ದೂರವಿಲ್ಲ; ಅಶೋಕನ ಶಾಸನವೂ ಅವನ ಹೆಸರು ಕೆತ್ತಿದ ಶಿಲ್ಪವೂ ಸಿಕ್ಕ ನೆಲ ಅದು.

ಶಹಾಪುರದಲ್ಲಿ ನಾನು ಎಲ್ಲರಿಗೂ ನೋಡಿ ಎನ್ನುವುದು ಊರ ಹತ್ತಿರದ ವಿಭೂತಿಹಳ್ಳಿಯ ಕಲ್ಲುಗಳನ್ನು. ರಸ್ತೆ ಪಕ್ಕದ ಹೊಲದಲ್ಲಿ ನೂರಾರು ಗುಂಡುಕಲ್ಲುಗಳನ್ನು ಲೆಕ್ಕ ಹಿಡಿದು ಸಾಲುಸಾಲಾಗಿ ಇಟ್ಟಿದ್ದಾರೆ. ಬೃಹತ್ ಶಿಲಾಯುಗದ ಜನರ ಕೆಲಸ. ಬರೀ ಕಣ್ಣಿಗೆ ಮೊದಲು ಏನೂ ತೋಚುವುದಿಲ್ಲ, ಸಾಲಿನ ತುದಿಗೆ ನಿಂತು ಕಣ್ಣು ನೇರ ಹಾಯಿಸಿದಾಗ ಜೋಡಣೆ ತಿಳಿಯುತ್ತದೆ. ಇಷ್ಟು ಭಾರದ ಕಲ್ಲುಗಳನ್ನು ಎಳೆದು ತಂದವರ ಹಟ ನನ್ನನ್ನು ಈಗಲೂ ಬೆರಗಾಗಿಸುತ್ತದೆ. ಹೊಲ ವಿಸ್ತರಿಸಲಿಕ್ಕೋ ಪಾಯಕ್ಕೋ ಒಂದೊಂದೇ ಕಲ್ಲು ಸರಿದರೆ ಸಾಲೇ ಅಳಿಸಿಹೋಗುತ್ತದೆ. ಬಂದು ನೋಡುವವರು ಹೆಚ್ಚಿದಷ್ಟೂ ಕಾಯುವ ಕಣ್ಣುಗಳು ಹೆಚ್ಚುತ್ತವೆ ಎಂಬ ನಂಬಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇನ್ನು ಸುರಪುರ. ಶಹಾಪುರದ ಕಡೆಯಿಂದ ಬಂದ ಬಸ್ಸು ಊರು ಮುಟ್ಟುವವರೆಗೂ ಊರು ಕಾಣಿಸದು. ಸುತ್ತ ಗುಡ್ಡ, ನಡುವೆ ಬಟ್ಟಲಲ್ಲಿ ಕೂಡಿಸಿಟ್ಟಂತೆ ಮನೆಗಳು. ರಾಜಧಾನಿಗೆ ಈ ಜಾಗ ಏಕೆ ಎನ್ನುವುದು ಒಂದು ಸಲ ಗುಡ್ಡ ಹತ್ತಿ ನೋಡಿದರೆ ತಿಳಿಯುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ, "ಕಾಕಾ, ಅರಮನಿಗೆ ಹ್ಯಾಂಗ್ ಹೋಗಬೇಕ್ರಿ?" ಎಂದು ಕೇಳಿ. ದಾರಿ ಹೇಳುವ ಮುಂಚೆ "ಯಾವೂರವರ್ರಿ ನೀವು? ಬರ್ರಿ, ಚಾ ಕುಡೀರಿ" ಎಂಬ ಮಾತು ಬರುತ್ತದೆ. ಆ ಚಹಾದ ಹೊತ್ತಿಗೆ ಊರಿನ ಅರ್ಧ ಇತಿಹಾಸ ಕೇಳಿ ಮುಗಿದಿರುತ್ತದೆ.

ಆ ಇತಿಹಾಸ ಸಣ್ಣದಲ್ಲ. ಸುರಪುರದ ಹತ್ತಿರದ ವಾಗಣಗೇರಾ ಕೋಟೆ ಇಲ್ಲಿ ಆಳಿದ ಬೇಡ ನಾಯಕರ ಹಿಂದಿನ ನೆಲೆ. 1705ರ ಫೆಬ್ರುವರಿಯಲ್ಲಿ ಔರಂಗಜೇಬ ದಂಡು ತಂದು ಆ ಕೋಟೆಗೆ ಮುತ್ತಿಗೆ ಹಾಕಿದ. ವಯಸ್ಸು 86, ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಪಿಡ್ಡ ನಾಯಕನ ಬೇಡರು ಬಂದೂಕಿನ ಗುರಿಗೆ ಹೆಸರಾದವರು, ಜೊತೆಗೆ ಮರಾಠರ ನೆರವು. ಏಪ್ರಿಲ್ ಕೊನೆಗೆ ಕೋಟೆಯೇನೋ ಬಿತ್ತು, ಆದರೆ ನಾಯಕ ರಾತ್ರೋರಾತ್ರಿ ಕೈತಪ್ಪಿಸಿಕೊಂಡಿದ್ದ. ಗೆದ್ದ ಬಾದಶಹ ಇದೇ ಭಾಗದ ದೇವಾಪುರದಲ್ಲಿ ಮಳೆಗಾಲ ಕಳೆಯುವಾಗ ಕಾಯಿಲೆ ಬಿದ್ದ. 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ. ಬೇಡರ ದೊರೆತನ ಆಮೇಲೂ ಒಂದೂವರೆ ಶತಮಾನ ಬಾಳಿತು. ಶಾಲೆಯ ಪುಸ್ತಕಗಳಲ್ಲಿ ಈ ಕತೆಗೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಅರಮನೆ ಬೀದಿಗಳಲ್ಲಿ ನಡೆಯುವಾಗ ಜನ ಹೆಚ್ಚು ನೆನೆಯುವುದು ಕೊನೆಯ ದೊರೆ ನಾಲ್ವಡಿ ವೆಂಕಟಪ್ಪ ನಾಯಕನನ್ನು. ತಂದೆ ತೀರಿದಾಗ ಅವನಿನ್ನೂ ಚಿಕ್ಕವನು. ರಾಜ್ಯದ ವ್ಯವಹಾರ ನೋಡಲು ಬಂದು ಕುಳಿತವನು ಫಿಲಿಪ್ ಮೆಡೋಸ್ ಟೇಲರ್. ಠಗರ ಬಗ್ಗೆ 1839ರಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ ಅಧಿಕಾರಿ. 1841ರಿಂದ 1853ರವರೆಗೆ ಇಲ್ಲಿದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಇಂದಿಗೂ ಇದೆ. ಸಂಜೆ ಅಲ್ಲಿಗೆ ಹತ್ತಿಹೋಗಿ. ಕೆಳಗೆ ಇಡೀ ಊರು. ಬಾಲಕ ದೊರೆ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ. ಈ ಭಾಗದ ಬೃಹತ್ ಶಿಲಾಯುಗದ ಕಲ್ಗೋರಿಗಳನ್ನು ಮೊದಲು ಅಳೆದು ಬರೆದಿಟ್ಟವನೂ ಟೇಲರನೇ. ಅವನ ಅಕ್ಕರೆ ಸುಳ್ಳೆಂದು ನನಗನ್ನಿಸುವುದಿಲ್ಲ. ಆದರೆ ದೊರೆಯ ತಾಯಿ ರಾಣಿ ಈಶ್ವರಮ್ಮನ ಬಗ್ಗೆ ಹೊರಗಿನವರು ಓದುವುದೆಲ್ಲ ಬಹುತೇಕ ಅವನ ಬರಹದಿಂದ, ಅಲ್ಲಿ ಅವಳು ಬರೀ ಅಡ್ಡಿಮಾಡುವ ಹೆಂಗಸು. ಪರದೇಶದವನ ಕೈಗೆ ಮಗನನ್ನೂ ರಾಜ್ಯವನ್ನೂ ಒಪ್ಪಿಸಲೊಲ್ಲದ ತಾಯಿಯ ಮಾತನ್ನು ಊರಿನವರ ಬಾಯಲ್ಲೇ ಕೇಳಬೇಕು.

1858ರ ಫೆಬ್ರುವರಿಯಲ್ಲಿ ಸುರಪುರ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊಡ್ಡ ದಂಡು ಬರುತ್ತಿದ್ದಂತೆ ದೊರೆ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಯಾದ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಅವನೇ ಗುಂಡು ಹಾರಿಸಿಕೊಂಡ ಎನ್ನುತ್ತವೆ ಇಂಗ್ಲಿಷರ ಬರಹಗಳು. ಊರಿನಲ್ಲಿ ಇದನ್ನು ಒಪ್ಪದವರಿದ್ದಾರೆ, ಕೊಂದರೆಂದೇ ಅವರ ಮಾತು. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ದೊರೆತನ ಹೋದರೂ ಅದು ಸಾಕಿದ ಕಲೆ ಉಳಿಯಿತು. ಗರುಡಾದ್ರಿ ಮನೆತನದ ಚಿತ್ರಗಾರರು ಬೆಳೆಸಿದ ಸುರಪುರ ಶೈಲಿಯಲ್ಲಿ ಚಿನ್ನದ ರೇಕು, ನವಿರಾದ ಗೆರೆ, ದೇವರು, ದರ್ಬಾರು ಎಲ್ಲವೂ ಉಂಟು. ಈ ಚಿತ್ರಗಳನ್ನು ಊರಲ್ಲೇ, ಬಂದವರೆಲ್ಲ ನೋಡುವಂತೆ ಇಡಬೇಕೆಂಬುದು ನನ್ನ ಆಸೆ. ಇಂದಿಗೂ ಆ ಶೈಲಿಯಲ್ಲಿ ಬರೆಯುವ ಕಲಾವಿದರಿದ್ದಾರೆ, ವಿಚಾರಿಸಿದರೆ ಮನೆ ತೋರಿಸುತ್ತಾರೆ. ಕೈಲಾದರೆ ಒಂದು ಸಣ್ಣ ಚಿತ್ರ ಕೊಳ್ಳಿ. ಪ್ರವಾಸದಲ್ಲಿ ಉಳಿಸಿದ ದುಡ್ಡಿಗೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಮಾರನೆ ದಿನ ಇದ್ದರೆ ಬೋನಾಳದ ಕೆರೆಗೆ ಟಂಟಂ ಹಿಡಿಯಿರಿ. ನಾಯಕರ ಕಾಲದ ಕೆರೆ, ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹಕ್ಕಿ ಹೆಚ್ಚು. ಹುಣಸಗಿ ಕಡೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆಸಿದಾಗ ಆದಿಮಾನವರು ಸುಣ್ಣಕಲ್ಲಿನಿಂದ ಕೊಡಲಿ ಮಾಡುತ್ತಿದ್ದ ತಾಣ ಸಿಕ್ಕಿತು, ಅದರ ವಯಸ್ಸನ್ನು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಿದ್ದಾರೆ. ಹೋದರೆ ಕಾಣುವುದು ಬರೀ ಬಯಲು. ಓದಿಕೊಂಡು ಹೋದವರಿಗೆ ಮಾತ್ರ ಅದು ಮಾತಾಡುತ್ತದೆ.

ವಾಪಸ್ಸು ಯಾದಗಿರಿಗೇ ಬರಬೇಕೆಂದಿಲ್ಲ. ಲಿಂಗಸುಗೂರಿನ ಬಸ್ಸು ಹತ್ತಿದರೆ ಕೃಷ್ಣಾ ದಂಡೆಯ ತಿಂಥಣಿಯಲ್ಲಿ ಇಳಿಯಬಹುದು. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಮೌನೇಶ್ವರರ ಸನ್ನಿಧಿ ಅಲ್ಲಿದೆ. ದರ್ಶನ ಮುಗಿಸಿ, ಹೊಳೆ ದಾಟಿ, ಲಿಂಗಸುಗೂರಿನಿಂದ ರಾಯಚೂರಿಗೆ ಹೋಗಿ ರೈಲು ಹಿಡಿಯಬಹುದು. ಗೋಕುಲಾಷ್ಟಮಿಯ ಹೊತ್ತಿಗೆ ಬರುವವರು ಒಂದು ದಿನ ಹೆಚ್ಚು ಇಟ್ಟುಕೊಳ್ಳಿ: ಸುರಪುರದ ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ಜಾರುವ ಕಂಬಗಳನ್ನು ಹುಡುಗರು ಪೈಪೋಟಿಯಿಂದ ಹತ್ತುತ್ತಾರೆ. ಆ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಜನವೆಲ್ಲ ಊರಲ್ಲೇ ಇರುತ್ತದೆ, ಲಾಡ್ಜಿನ ಕೋಣೆಯನ್ನು ಮೊದಲೇ ಹೇಳಿಟ್ಟುಕೊಳ್ಳುವುದು ಒಳ್ಳೆಯದು.