ಬೆಳೆಸಾಲ ಆಸ್ಪತ್ರೆಯ ಪಾಲಾಗದಿರಲಿ



ರಾಗಿಗೆ ಮೇಲುಗೊಬ್ಬರ ಕೊಡುವ ಹೊತ್ತಿಗೆ ಮನೆಯಲ್ಲೊಬ್ಬರಿಗೆ ಶಸ್ತ್ರಚಿಕಿತ್ಸೆಯ ಪ್ರಸಂಗ ಬಂದರೆ ಏನಾಗುವುದೆಂದು ನೀವು ಬಲ್ಲಿರಿ. ಗೊಬ್ಬರಕ್ಕೆಂದು ಸಹಕಾರ ಸಂಘದಿಂದ ತಂದ ಹಣ ಆಸ್ಪತ್ರೆಗೆ ಸಲ್ಲುತ್ತದೆ. ಪೈರು ಸೊರಗಿ ಇಳುವರಿ ಇಳಿಯುತ್ತದೆ. ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ.

ಇಂಥ ಕಷ್ಟಕ್ಕೆಂದೇ ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದಿತು. ಆಗ ತಲೆಗೆ ವರ್ಷಕ್ಕೆ 60 ರೂ. ವಂತಿಗೆ. 2018ರಲ್ಲಿ ಬೇರೆ ಯೋಜನೆಯಲ್ಲಿ ವಿಲೀನವಾಗಿ, 2022-23ರಲ್ಲಿ ಪುನಃ ಆರಂಭವಾಯಿತು. ಆಗ ಗ್ರಾಮೀಣ ಸದಸ್ಯರ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂ., ಚಿಕಿತ್ಸೆಯ ವಾರ್ಷಿಕ ಮಿತಿ 5 ಲಕ್ಷ ರೂ. ಎಂದು ಗೊತ್ತುಪಡಿಸಲಾಯಿತು.

ಗಮನಿಸಬೇಕಾದ ಅಂಶಗಳು:

1. ನೋಂದಣಿಯ ಅವಧಿ ಮುಗಿಯುವುದರೊಳಗೆ ಸಂಘದಲ್ಲಿ ವಂತಿಗೆ ಕಟ್ಟಿ ರಸೀದಿ ಪಡೆಯಿರಿ. ಪ್ರತಿವರ್ಷವೂ ನವೀಕರಿಸತಕ್ಕದ್ದು.

2. ಯೋಜನೆಗೆ ಸೇರಿದ ಆಸ್ಪತ್ರೆಗೇ ಹೋಗಿ, ದಾಖಲಾಗುವ ಮೊದಲೇ ಕಾರ್ಡು ತೋರಿಸಿರಿ.

3. ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಸಣ್ಣಪುಟ್ಟ ಜ್ವರದ ಔಷಧಿಗೆ ಕೈಯಲ್ಲಿ ನಾಲ್ಕು ಕಾಸು ಇರಲಿ.

‘ಹೋದ ವರ್ಷ ಯಾರೂ ಹಾಸಿಗೆ ಹಿಡಿಯಲಿಲ್ಲ, ಕಟ್ಟಿದ್ದು ದಂಡ’ ಎನ್ನುವವರುಂಟು. ಬೀಜೋಪಚಾರ ಮಾಡಿದ ವರ್ಷ ರೋಗ ಬಾರದಿದ್ದರೆ ಔಷಧಿ ದಂಡವಾಯಿತೆನ್ನುವಿರಾ? ಬಿತ್ತನೆಯ ಖರ್ಚಿನ ಪಟ್ಟಿಯಲ್ಲಿ ಈ ವಂತಿಗೆಯನ್ನೂ ಸೇರಿಸಿಕೊಳ್ಳಿರಿ.