ಕಾಲ್ಚೆಂಡಿನ ಕಣದಲ್ಲಿ ಮೈಸೂರೂ ಬಂಗಾಳವೂ

೨೦೨೩ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಎರಡು ಕಾಲ್ಚೆಂಡಿನ ಪಂದ್ಯಗಳು ಒಂದರ ಬೆನ್ನಿಗೊಂದು ನಡೆದುವು. ಮೂರನೆಯ ತಾರೀಖಿನ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ಪಕ್ಷಕ್ಕೂ ಕೇರಳ ಬ್ಲಾಸ್ಟರ್ಸ್ ಪಕ್ಷಕ್ಕೂ ಪಂದ್ಯವಾಗುತ್ತಿದ್ದಾಗ, ಎದುರಾಳಿಗಳು ಸಜ್ಜಾಗುವ ಮುನ್ನವೇ ಸುನಿಲ್ ಛೇತ್ರಿಯವರು ಚೆಂಡನ್ನೊದ್ದು ಗೋಲು ಗಳಿಸಿದರು. ಅದನ್ನು ಒಪ್ಪದ ಕೇರಳದವರು ಕಣವನ್ನೇ ಬಿಟ್ಟು ಹೊರನಡೆದರು. ಅದರ ಮಾರನೆಯ ದಿನ, ಅರಬ್ಬೀ ದೇಶದ ರಿಯಾದ್ ನಗರದಲ್ಲಿ, ಕರ್ನಾಟಕದ ಪಕ್ಷವು ಮೇಘಾಲಯವನ್ನು ೩-೨ ಗೋಲುಗಳಿಂದ ಸೋಲಿಸಿ, ೫೪ ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹಳೇಬೀಡಿನ ಮಗ್ಗುಲಲ್ಲಿರುವ ನಮ್ಮ ಬಸ್ತಿಹಳ್ಳಿಯಲ್ಲಿ ಮೊದಲನೆಯ ಪಂದ್ಯದ ನ್ಯಾಯಾನ್ಯಾಯಗಳನ್ನು ಹುಡುಗರು ವಾರವೆಲ್ಲ ಚರ್ಚಿಸಿದರು. ಎರಡನೆಯದು ನಡೆಯಿತೆಂಬುದೇ ಅವರಲ್ಲಿ ಬಹುಮಂದಿಗೆ ತಿಳಿಯದು.

ಇವರ ತಾತಂದಿರ ಕಾಲದಲ್ಲಿ ಈ ಮಾತು ನಂಬಲರ್ಹವಾಗುತ್ತಿರಲಿಲ್ಲ. ಆಗ ಕಾಲ್ಚೆಂಡಿನಲ್ಲಿ ಮೈಸೂರಿನ ಮಾನವೆಂದರೆ ಸಂತೋಷ್ ಟ್ರೋಫಿ. ಸಂತೋಷ್ ಟ್ರೋಫಿಯೆಂದರೆ ಬಂಗಾಳದೊಡನೆ ಜಿದ್ದು. ಇಂಥ ಜಿದ್ದು ಹೇಗೆ ಹುಟ್ಟಿತು, ಹೇಗೆ ಬಾಡಿತು ಎಂಬುದನ್ನು ಆಟದ ನಿಯಮಗಳನ್ನರಿಯದ ವಾಚಕರೂ ಕೇಳಬಹುದಾಗಿದೆ. ಏಕೆಂದರೆ ಅದರಲ್ಲಿ ಚೆಂಡಿನ ಕಥೆಗಿಂತ ಮನೆಮಾರುಗಳ ಕಥೆಯೇ ಹೆಚ್ಚು.

ಬೆಂಗಳೂರಿಗೆ ಈ ಆಟವನ್ನು ತಂದವರು ದಂಡಿನ ಸೋಲ್ಜರುಗಳು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಲಸೂರಿನ ಬಳಿ ಇಂಗ್ಲಿಷರ ದಂಡು ನೆಲೆಯೂರಿದ ಮೇಲೆ ಅದರ ಸುತ್ತ ಕೇರಿಗಳು ಬೆಳೆದುವು. ತಮಿಳು, ಉರ್ದು, ತೆಲುಗು, ಕನ್ನಡಗಳೆಲ್ಲವೂ ಕಿವಿಗೆ ಬೀಳುತ್ತಿದ್ದ ಆ ಕೇರಿಗಳ ಮಕ್ಕಳು ದಂಡಿನ ಬಯಲಿನಲ್ಲಿ ಆಟವನ್ನು ನೋಡಿ ಕಲಿತು, ಬರಿಗಾಲಿನಲ್ಲಿ ಆಡಿದರು. ಬೂಟು ತೊಟ್ಟವನ ಎದುರಿಗೆ ಬರಿಗಾಲಿನವನು ನಿಲ್ಲುವುದೆಂದರೆ ಸಾಮಾನ್ಯವೆ? ಆದರೂ ನಿಂತರು. ಮುಂಬಯಿಯಲ್ಲಿ ೧೮೯೧ರಿಂದ ನಡೆದು ಬಂದ ರೋವರ್ಸ್ ಪಾರಿತೋಷಕವನ್ನು ಇಂಗ್ಲಿಷ್ ರೆಜಿಮೆಂಟುಗಳೇ ವರ್ಷ ವರ್ಷವೂ ಹೊತ್ತೊಯ್ಯುತ್ತಿದ್ದುವು. ೧೯೩೭ರಲ್ಲಿ ಆ ಪದ್ಧತಿಯನ್ನು ಮುರಿದು, ಅದನ್ನು ಗೆದ್ದ ಮೊದಲನೆಯ ಭಾರತೀಯ ಪಕ್ಷವೆನಿಸಿಕೊಂಡುದು ನಮ್ಮ ಬೆಂಗಳೂರು ಮುಸ್ಲಿಮ್ಸ್. ಅಂತಿಮ ಪಂದ್ಯದಲ್ಲಿ ಅವರಿಗೆ ಎದುರಾದವರು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ಪಕ್ಷದವರು. ೧೯೩೪ರಿಂದ ಕಲ್ಕತ್ತೆಯ ಲೀಗಿನಲ್ಲಿ ಸೋಲನ್ನೇ ಮರೆತಂತಿದ್ದ ಘನ ಪಕ್ಷವದು. ಮುಂದಿನ ವರ್ಷವೂ, ಮತ್ತೆ ೧೯೪೮ರಲ್ಲಿಯೂ ಬೆಂಗಳೂರಿನವರೇ ಆ ಪಾರಿತೋಷಕವನ್ನು ಗೆದ್ದರು.

ಕಲ್ಕತ್ತೆಯವರಿಗೆ ಇದು ಸಹಿಸಲಾಗದ ಸಂಗತಿ. ಮೋಹನ ಬಾಗಾನ್ ಪಕ್ಷವು ೧೯೧೧ರಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ೨-೧ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಂದಿನಿಂದ ಭಾರತದ ಕಾಲ್ಚೆಂಡು ತಮ್ಮದೆಂದು ಅವರು ನಂಬಿದ್ದರು. ನಂಬುವುದಕ್ಕೆ ಆಧಾರವೂ ಇದ್ದಿತು. ಪ್ರಾಂತಗಳೂ ಸಂಸ್ಥಾನಗಳೂ ತಮ್ಮೊಳಗೆ ಸೆಣಸಲೆಂದು ೧೯೪೧ರಲ್ಲಿ ಸಂತೋಷ್ ಟ್ರೋಫಿಯು ಆರಂಭವಾದುದೂ ಕಲ್ಕತ್ತೆಯಲ್ಲಿಯೇ. ಹೆಸರು ಕೇಳಿ ಅದು ಹರ್ಷಸೂಚಕವೆಂದು ಭಾವಿಸುವವರುಂಟು. ಬಂಗಾಳದ ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜರ ಹೆಸರಿನಲ್ಲಿ ಅದು ನಡೆಯುವುದೆಂಬುದಷ್ಟೇ ನಿಜ. ೧೯೪೬-೪೭ರಲ್ಲಿ ಪಂದ್ಯಾಟವು ಬೆಂಗಳೂರಿಗೆ ಬಂದಾಗ ಮೈಸೂರು ಬಂಗಾಳವನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿತು. ೧೯೫೨-೫೩ರಲ್ಲಿ ಬೆಂಗಳೂರಿನಲ್ಲಿಯೇ ಮತ್ತೊಮ್ಮೆ ಸೋಲಿಸಿತು. ಮರುವರ್ಷ ಕಲ್ಕತ್ತೆಯಲ್ಲಿ ಬಂಗಾಳದವರು ಸೇಡು ತೀರಿಸಿಕೊಂಡರು. ೧೯೫೫-೫೬ರಲ್ಲಿಯೂ ಅವರೇ ಗೆದ್ದರು. ೧೯೬೨-೬೩ರಲ್ಲಂತೂ ಬೆಂಗಳೂರಿಗೇ ಬಂದು ನಮ್ಮವರ ಕಣ್ಣೆದುರಿಗೆ ಟ್ರೋಫಿಯನ್ನೆತ್ತಿಕೊಂಡು ಹೋದರು. ೧೯೬೭-೬೮ರಲ್ಲಿ ಕಟಕದಲ್ಲಿಯೂ ೧೯೬೮-೬೯ರಲ್ಲಿ ಬೆಂಗಳೂರಿನಲ್ಲಿಯೂ ಮೈಸೂರು ಸಾಲಾಗಿ ಎರಡು ಸಲ ಬಂಗಾಳವನ್ನು ಮಣಿಸಿತು. ಇಪ್ಪತ್ತೆರಡು ವರ್ಷಗಳಲ್ಲಿ ಏಳು ಅಂತಿಮ ಪಂದ್ಯಗಳು. ನಾಲ್ಕು ನಮಗೆ, ಮೂರು ಅವರಿಗೆ. ಈ ಟ್ರೋಫಿಯನ್ನು ಒಟ್ಟು ಮೂವತ್ತಕ್ಕೂ ಹೆಚ್ಚು ಸಲ ಗೆದ್ದಿರುವ ಬಂಗಾಳದ ಮೇಲೆ ಇಂಥ ಲೆಕ್ಕವನ್ನು ತೋರಿಸಬಲ್ಲ ಸೀಮೆಗಳು ಹೆಚ್ಚಿಲ್ಲ.

ಈ ಜಿದ್ದಿಗೆ ಒಂದು ವಿಚಿತ್ರವಾದ ನೋವೂ ಬೆರೆತಿದ್ದಿತು. ನಮ್ಮಲ್ಲಿ ಬೆಳೆದ ಆಟಗಾರನು ಹೆಸರು ಪಡೆಯುತ್ತಲೇ ಕಲ್ಕತ್ತೆಯ ಕ್ಲಬ್ಬುಗಳಿಂದ ಕರೆ ಬರುತ್ತಿದ್ದಿತು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕಮಾತ್ರ ಗೋಲನ್ನು ಗಳಿಸಿದ ರಾಮನ್ ಮೈಸೂರಿನವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್, ಧನರಾಜ್ ಇವರೂ ಬೆಂಗಳೂರಿನವರು. ಇವರಲ್ಲಿ ಅಹಮದ್ ಖಾನರೂ ಧನರಾಜರೂ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿಯ ಜನ ‘ಪಂಚಪಾಂಡವರು’ ಎಂದು ಕೊಂಡಾಡಿದ ಐವರು ಮುಂದಾಳುಗಳಲ್ಲಿ ಇಬ್ಬರಾದರು. ತನ್ನ ಕೇರಿಯ ಹುಡುಗನ ಜಾಣ್ಮೆಗೆ ಪರಸ್ಥಳದ ಲಕ್ಷ ಜನ ಚಪ್ಪಾಳೆ ತಟ್ಟುವರೆಂದು ತಿಳಿದಾಗ ಹಲಸೂರಿನವನಿಗೆ ಹೆಮ್ಮೆಯಾಗುತ್ತಿದ್ದಿತೋ ಹೊಟ್ಟೆಯುರಿಯಾಗುತ್ತಿದ್ದಿತೋ ಹೇಳುವುದು ಕಷ್ಟ. ಎರಡೂ ಆಗುತ್ತಿದ್ದಿತೆಂದೇ ನನ್ನ ಊಹೆ.

ಹೋದವರು ಹೋದರೂ ಉಳಿದವರನ್ನು ಊರಿನಲ್ಲಿ ನಿಲ್ಲಿಸಿದುವು ಕಾರ್ಖಾನೆಗಳು. ವಿಮಾನದ ಕಾರ್ಖಾನೆಯಾದ ಎಚ್.ಎ.ಎಲ್., ಟೆಲಿಫೋನಿನ ಐ.ಟಿ.ಐ. ಮೊದಲಾದುವು ಕಾಲ್ಚೆಂಡಿನ ಪಕ್ಷಗಳನ್ನು ಕಟ್ಟಿ, ಆಟಗಾರರಿಗೆ ಉದ್ಯೋಗವನ್ನು ಕೊಟ್ಟುವು. ಬಡ ಕೇರಿಯ ಹುಡುಗನಿಗೆ ಇದರ ಅರ್ಥವೇನೆಂಬುದನ್ನು ಗೃಹಸ್ಥರಾದ ವಾಚಕರಿಗೆ ವಿವರಿಸಬೇಕಾಗಿಲ್ಲ. ಕಾಲು ಚುರುಕಾಗಿದ್ದರೆ ಕಾಯಂ ನೌಕರಿ, ನೌಕರಿಯಿಂದ ಸಂಬಳ, ಪ್ರಾವಿಡೆಂಟ್ ಫಂಡು, ತಂಗಿಯ ಮದುವೆ. ಆಟಗಾರನ ತಾಯಿಗೆ ಗೋಲಿನ ಲೆಕ್ಕ ತಿಳಿಯದಿದ್ದರೂ ತಿಂಗಳ ಮೊದಲನೆಯ ತಾರೀಖಿನ ಲೆಕ್ಕ ಚೆನ್ನಾಗಿ ತಿಳಿದಿದ್ದಿತು. ಕಾರ್ಖಾನೆ ಕಾರ್ಖಾನೆಗಳ ನಡುವೆ ಪಂದ್ಯವಾದಾಗ ಪಾಳಿ ಮುಗಿಸಿದ ಕೆಲಸಗಾರರು ನೋಡಲು ಬರುತ್ತಿದ್ದರು. ಕಣದಲ್ಲಿ ಓಡುತ್ತಿದ್ದವನು ಬೆಳಿಗ್ಗೆ ಪಕ್ಕದ ಯಂತ್ರದ ಮುಂದೆ ನಿಂತವನೇ ಆಗಿರುತ್ತಿದ್ದನು. ಹೀಗಿರಲು ಉತ್ಸಾಹಕ್ಕೇನು ಕಡಮೆ?

ಇಳಿಗಾಲಕ್ಕೆ ಕ್ರಿಕೆಟ್ಟನ್ನು ದೂರುವುದು ವಾಡಿಕೆಯಾಗಿದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹದಿನೈದು ವರ್ಷ ಒಂದೇ ಸಮನೆ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿಯನ್ನು ಕರ್ನಾಟಕವು ೧೯೭೩-೭೪ರಲ್ಲಿ ಬೆಂಗಳೂರಿನಲ್ಲಿ ಕೆಡವಿತು. ಬಂಗಾಳದ ಮೇಲಿದ್ದ ಜಿದ್ದು ಅಂದಿನಿಂದ ಮುಂಬಯಿಯ ಮೇಲೆ ತಿರುಗಿತೆನ್ನಬಹುದು. ೧೯೮೩ರ ವಿಶ್ವವಿಜಯದ ಬಳಿಕ ಟೆಲಿವಿಷನ್ನು ಮಿಕ್ಕುದನ್ನು ಮಾಡಿತು. ಆದರೆ ಇದಕ್ಕಿಂತ ಆಳವಾದ ಕಾರಣವು ಬೇರೆ ಇದೆ. ಕಾರ್ಖಾನೆಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಕ್ರಮೇಣ ಕುಗ್ಗಿಸಿದುವು. ೧೯೯೬ರಲ್ಲಿ ರಾಷ್ಟ್ರೀಯ ಲೀಗೂ ೨೦೧೪ರಲ್ಲಿ ಇಂಡಿಯನ್ ಸೂಪರ್ ಲೀಗೂ ಹುಟ್ಟಿದ ಮೇಲೆ ಶ್ರೇಷ್ಠ ಆಟಗಾರರು ಸಂತೋಷ್ ಟ್ರೋಫಿಯಿಂದ ದೂರವಾದರು. ಎಚ್.ಎ.ಎಲ್. ಪಕ್ಷವು ೨೦೧೨ರಲ್ಲಿ ದೇಶದ ಅಗ್ರ ಲೀಗಿನ ಕೊನೆಯ ಸ್ಥಾನಕ್ಕಿಳಿದು ಅಲ್ಲಿಂದ ಹೊರಬಿದ್ದಿತು. ಪಕ್ಷವು ತನ್ನದೆನ್ನಲು ಜನರಿಗಿದ್ದ ಎಳೆಗಳು ಹೀಗೆ ಒಂದೊಂದಾಗಿ ಕಡಿದುವು.

ಈ ಪಾಡು ನಮ್ಮದೊಂದೇ ಅಲ್ಲ. ಅಮೆರಿಕದ ದಕ್ಷಿಣ ಸೀಮೆಯಲ್ಲಿ, ಬಿಳಿಯರ ವಿದ್ಯಾಲಯಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಆಫ್ರಿಕ ಮೂಲದ ಕರಿಯ ಜನರಿಗಾಗಿ ಪ್ರತ್ಯೇಕ ಕಾಲೇಜುಗಳು ಸ್ಥಾಪಿತವಾದುವು. ಅವುಗಳೊಳಗಿನ ಮೊದಲನೆಯ ಫುಟ್‌ಬಾಲ್ ಪಂದ್ಯವು ೧೮೯೨ನೆಯ ಡಿಸೆಂಬರ್ ೨೭ರಂದು ಸಾಲ್ಸ್‌ಬರಿ ಎಂಬ ಊರಿನಲ್ಲಿ, ಬಿಡ್ಲ್ ಮತ್ತು ಲಿವಿಂಗ್‌ಸ್ಟನ್ ಕಾಲೇಜುಗಳ ನಡುವೆ, ಹಿಮ ಬಿದ್ದ ನೆಲದ ಮೇಲೆ ನಡೆಯಿತು. (ಅವರ ಫುಟ್‌ಬಾಲು ಚೆಂಡನ್ನು ಕೈಯಲ್ಲಿ ಹಿಡಿದೋಡುವ ಆಟ, ಅದಕ್ಕೆ ಈ ಹೆಸರೇಕೋ ಅವರೇ ಬಲ್ಲರು.) ಗ್ರ್ಯಾಂಬ್ಲಿಂಗ್ ಕಾಲೇಜಿನಲ್ಲಿ ೧೯೪೧ರಿಂದ ೧೯೯೭ರವರೆಗೆ ತರಬೇತಿ ಕೊಟ್ಟ ಎಡ್ಡಿ ರಾಬಿನ್‌ಸನ್ ಎಂಬ ಗುರುವು ೪೦೮ ಪಂದ್ಯಗಳನ್ನು ಗೆಲ್ಲಿಸಿಕೊಟ್ಟರು. ೧೯೭೦ರ ಸುಮಾರಿಗೆ ದಕ್ಷಿಣದ ಬಿಳಿಯರ ದೊಡ್ಡ ವಿಶ್ವವಿದ್ಯಾಲಯಗಳು ಕರಿಯ ಆಟಗಾರರನ್ನು ಸೇರಿಸಿಕೊಳ್ಳತೊಡಗಿದುವು. ನ್ಯಾಯವು ದೊರೆತುದು ಸಂತೋಷವೇ. ಆದರೆ ಕಲ್ಕತ್ತೆಯು ಬೆಂಗಳೂರಿಗೆ ಮಾಡಿದುದನ್ನು ಅಲ್ಲಿ ಆ ವಿಶ್ವವಿದ್ಯಾಲಯಗಳು ಮಾಡಿದುವು. ಉತ್ತಮ ಆಟಗಾರರು ಅತ್ತ ಹೋದರು.

ಆದರೂ ಗ್ರ್ಯಾಂಬ್ಲಿಂಗ್ ಮತ್ತು ಸದರ್ನ್ ವಿದ್ಯಾಲಯಗಳ ನಡುವೆ ೧೯೭೪ರಿಂದ ನ್ಯೂ ಆರ್ಲಿಯನ್ಸಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ‘ಬಾಯೂ ಕ್ಲಾಸಿಕ್’ ಪಂದ್ಯಕ್ಕೆ ಅರವತ್ತು ಸಾವಿರಕ್ಕೂ ಮಿಕ್ಕು ಜನ ನೆರೆದ ವರ್ಷಗಳುಂಟು. ೨೦೦೫ರಲ್ಲಿ ಚಂಡಮಾರುತವು ಆ ನಗರವನ್ನು ಮುಳುಗಿಸಿದಾಗ ಪಂದ್ಯವನ್ನು ಹ್ಯೂಸ್ಟನ್ನಿಗೆ ಒಯ್ದು ನಡೆಸಿದರೇ ಹೊರತು ಕೈಬಿಡಲಿಲ್ಲ. ಅಲ್ಲಿಗೆ ಬರುವವರು ಆಟಕ್ಕೆಂದು ಮಾತ್ರ ಬರುವುದಿಲ್ಲ. ಎರಡು ವಿದ್ಯಾಲಯಗಳ ವಾದ್ಯಮೇಳಗಳ ಸ್ಪರ್ಧೆಯೇ ಒಂದು ಉತ್ಸವ. ಅಜ್ಜ ಓದಿದ ಕಾಲೇಜಿನ ಬಣ್ಣವನ್ನು ಮೊಮ್ಮಗಳು ಉಟ್ಟು ಬರುತ್ತಾಳೆ. ನಮ್ಮ ಜಾತ್ರೆಗೆ ನೆಂಟರು ಸೇರುವಂತೆ ಅಲ್ಲಿ ಸೇರುತ್ತಾರೆಂದು ಹೇಳಿದರೆ ವಾಚಕರಿಗೆ ಬೇಗನೆ ಅರ್ಥವಾದೀತು.

ಅಂಥದು ನಮ್ಮ ನಾಡಿನಲ್ಲಿ ಇಲ್ಲವೆ? ಇದೆ, ಅದೂ ನಮ್ಮ ಹಾಸನದ ನೆರೆಯಲ್ಲಿಯೇ. ಕೊಡಗಿನ ಕರಡ ಗ್ರಾಮದಲ್ಲಿ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ನಡುವೆ ಹಾಕಿ ಪಂದ್ಯಾಟವನ್ನು ಆರಂಭಿಸಿದಾಗ ಬಂದ ಕುಟುಂಬಗಳು ೬೦. ೨೦೨೪ರಲ್ಲಿ ನಾಪೋಕ್ಲಿನಲ್ಲಿ ಆಡಿದುವು ೩೬೦. ವರ್ಷಕ್ಕೊಂದು ಮನೆತನವು ಉತ್ಸವದ ಹೊಣೆ ಹೊರುತ್ತದೆ. ಆ ವರ್ಷದ ಪಾರಿತೋಷಕಕ್ಕೆ ಅದರದೇ ಹೆಸರು. ಹೆಂಗಸರೂ ಗಂಡಸರೊಡನೆ ಒಂದೇ ಪಕ್ಷದಲ್ಲಿ ಆಡುತ್ತಾರೆ. ನರೆಗೂದಲಿನವರೂ ಕೋಲು ಹಿಡಿಯುತ್ತಾರೆ. ಎಂದೂ ಟೆಲಿವಿಷನ್ನಿನಲ್ಲಿ ಕಾಣದ ಆಟಗಾರನ ಹೆಸರನ್ನು ಕೂಗಲು ಅಲ್ಲಿ ಜನ ಬೇಕಾದಷ್ಟಿರುತ್ತಾರೆ, ಕೂಗುವವಳು ಅವನ ಚಿಕ್ಕಮ್ಮನೇ ಆಗಿರುವುದರಿಂದ.

ಕಾಲ್ಚೆಂಡಿಗೆ ಹಿಂದಿರುಗೋಣ. ೨೦೧೩ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ಮೊದಲನೆಯ ವರ್ಷವೇ ದೇಶದ ಲೀಗನ್ನು ಗೆದ್ದು, ೨೦೧೬ರಲ್ಲಿ ಏಷ್ಯದ ಎರಡನೆಯ ದರ್ಜೆಯ ಪಂದ್ಯಾಟವಾದ ಎ.ಎಫ್.ಸಿ. ಪಾರಿತೋಷಕದ ಅಂತಿಮ ಪಂದ್ಯದವರೆಗೆ ಏರಿತು. ಕೇರಳದವರೊಡನೆ ಪಂದ್ಯವಾದ ದಿನ ಕಂಠೀರವ ಕ್ರೀಡಾಂಗಣದಲ್ಲಿ ಏಳುವ ಗದ್ದಲವು ಸುಳ್ಳಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ಮಲೆಯಾಳಿಗಳೂ ಹಳದಿ ಅಂಗಿ ತೊಟ್ಟು ಬಂದು ಕೂಡುವುದರಿಂದ ಒಂದೇ ಕಛೇರಿಯ ಇಬ್ಬರು ಎರಡು ಕಡೆ ಕುಳಿತಿರುತ್ತಾರೆ. ಇದನ್ನು ಕೇವಲ ಹಣದ ಆಟವೆಂದು ಹಳಿಯುವ ಹಿರಿಯರೊಡನೆ ನನ್ನ ಸಹಮತವಿಲ್ಲ. ಆದರೆ ಹಳೆಯ ಜಿದ್ದಿನಲ್ಲಿ ಆಡುವವನೂ ನೋಡುವವನೂ ಒಂದೇ ನಲ್ಲಿಯ ನೀರು ಕುಡಿದವರಾಗಿದ್ದರು. ಹೊಸದರಲ್ಲಿ ಆಟಗಾರನು ಎರಡು ವರ್ಷದ ಕರಾರಿನ ಮೇಲೆ ಸ್ಪೆಯಿನಿನಿಂದಲೋ ಮಣಿಪುರದಿಂದಲೋ ಬಂದಿರುತ್ತಾನೆ, ಕರಾರು ಮುಗಿದೊಡನೆ ಹೋಗುತ್ತಾನೆ.

ಆ ನಲ್ಲಿಯ ನೀರಿನವರು ಇನ್ನೂ ಇದ್ದಾರೆ. ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಸಾಲಿನಲ್ಲಿ ಬ್ರೆಜಿಲ್ ದೇಶದ ಆಟಗಾರ ಪೆಲೆಯ ಪ್ರತಿಮೆಯನ್ನೂ ಕೇರಿಯವರು ನಿಲ್ಲಿಸಿದ್ದಾರೆ. ಸಂಜೆಯ ಹೊತ್ತು ಅಲ್ಲಿಯ ಹುಡುಗರು ಚೆಂಡನ್ನೊದೆಯುತ್ತಿರುವುದನ್ನು ಹೋದವರು ಈಗಲೂ ನೋಡಬಹುದು.